ಬೀಮ್ ಲಟಕ್ ಅನ್ನುವ ಮೊದಲೇ: ಕಾಂಕ್ರೀಟು ಮತ್ತು ಕಲ್ಲಿನ ಮೇಲೆ ಅಕೌಸ್ಟಿಕ್ ಎಮಿಷನ್ ಪರೀಕ್ಷೆ

ಬಾಗಲಕೋಟೆ, ವಿಜಯಪುರ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜಡಿಮಳೆ ಹಿಡಿದ ರಾತ್ರಿ ಹಿರಿಯರಿಗೆ ನಿದ್ದೆ ಅಷ್ಟಕ್ಕಷ್ಟೇ. ಮೇಲಿನ ಮಣ್ಣು ನೀರುಂಡು ಭಾರವಾದಂತೆ ತೊಲೆ, ಜಂತಿಗಳು ಲಟಲಟ ಅನ್ನತೊಡಗುತ್ತವೆ. ಸದ್ದು ಬಿಟ್ಟುಬಿಟ್ಟು ಬರುತ್ತಿದ್ದರೆ ಮಲಗಬಹುದು, ಒಂದರ ಹಿಂದೊಂದು ಬಂದರೆ ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಬೇಕು. ಅಕೌಸ್ಟಿಕ್ ಎಮಿಷನ್, ಚಿಕ್ಕದಾಗಿ ಎಇ, ಮಾಡುವ ಕೆಲಸವೂ ಇದೇ. ಕಾಂಕ್ರೀಟಿನೊಳಗೆ ಕೂದಲೆಳೆಯಷ್ಟು ಬಿರುಕು ಬಾಯಿಬಿಟ್ಟಾಗ ಅಲ್ಲಿ ಹಿಡಿದಿಟ್ಟ ಶಕ್ತಿ ಅಲೆಯಾಗಿ ಹೊರಡುತ್ತದೆ. ಕಾಂಕ್ರೀಟಿನಲ್ಲಿ ನಮಗೆ ಬೇಕಾದ ಅಲೆಗಳು ಹೆಚ್ಚಾಗಿ 20ರಿಂದ 150 ಕಿಲೋಹರ್ಟ್ಸ್ ನಡುವೆ ಇರುತ್ತವೆ. ನಮ್ಮ ಕಿವಿ 20ಕ್ಕೇ ಕೈಚೆಲ್ಲುತ್ತದೆ. ಹಾಗಾಗಿ ಮೇಲ್ಮೈಗೆ ಪೀಜೋ ಸೆನ್ಸರ್, ಅಂದರೆ ನಡುಕವನ್ನು ವೋಲ್ಟೇಜ್ ಆಗಿ ಬದಲಿಸುವ ಸಾಧನ, ಅಂಟಿಸಿ ಕೇಳಬೇಕು.

ಅಲ್ಟ್ರಾಸಾನಿಕ್ ಪಲ್ಸ್ ಪರೀಕ್ಷೆಯನ್ನು ಇದರೊಂದಿಗೆ ಬೆರೆಸಬೇಡಿ. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಾರಿಸಿ ಕೊಳ್ಳುತ್ತೇವಲ್ಲ, ಪಲ್ಸ್ ಪರೀಕ್ಷೆ ಆ ಜಾತಿಯದು: ಸದ್ದು ಮಾಡುವವರು ನಾವು. ಎಇಯಲ್ಲಿ ಸದ್ದು ಮಾಡುವುದು ಗಡಿಗೆಯೇ. ಅದರಿಂದ ಒಂದು ಲಾಭ, ಒಂದು ತೊಡಕು. ಬೆಳೆಯುತ್ತಿರುವ ಬಿರುಕು ಯಾವುದು, ಎಲ್ಲಿದೆ, ಯಾವ ಲೋಡಿಗೆ ಎದ್ದಿತು ಎಂಬುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಆದರೆ ಬೆಳೆಯದೆ ಸುಮ್ಮನೆ ಕೂತ ಬಿರುಕು ಎಷ್ಟು ದೊಡ್ಡದಿದ್ದರೂ ಮೂಕ. ಒಳಗೆ ಏನೂ ಅಲುಗದಿದ್ದರೆ ಎಇಗೆ ಕೇಳಲು ಏನೂ ಇಲ್ಲ. "ಈ ಕಂಬದ ಸ್ಟ್ರೆಂಗ್ತ್ ಎಷ್ಟು" ಎಂಬ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ.

ಸಾಮಾನು

ಕಾಂಕ್ರೀಟಿಗೆ 60 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ರೆಸೊನೆನ್ಸ್ ಇರುವ, ಅಂದರೆ ಆ ಕಂಪನಕ್ಕೆ ಎಲ್ಲಕ್ಕಿಂತ ಚುರುಕಾದ, ಸೆನ್ಸರ್ ತೆಗೆದುಕೊಳ್ಳಿ. ಲ್ಯಾಬುಗಳಲ್ಲಿ ಉಕ್ಕಿನ ಟ್ಯಾಂಕು, ಪೈಪಿನ ಕೆಲಸಕ್ಕೆ ತಂದ 150ರ ಸೆನ್ಸರ್ ಇರುತ್ತದೆ, ಅದನ್ನೇ ಕಾಂಕ್ರೀಟಿಗೂ ಹಚ್ಚುವ ರೂಢಿ ಇದೆ. ಲೆಕ್ಕ ನೋಡಿ: ಒಳ್ಳೆಯ ಕಾಂಕ್ರೀಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4000 ಮೀಟರ್. 60 ಕಿಲೋಹರ್ಟ್ಸ್‌ಗೆ ಅಲೆಯುದ್ದ 67 ಮಿ.ಮೀ., 150ಕ್ಕೆ 27 ಮಿ.ಮೀ. ನಮ್ಮ ಖಡಿಯ ಗಾತ್ರ 20 ಮಿ.ಮೀ. ಅಲೆಯುದ್ದ ಖಡಿಯ ಗಾತ್ರಕ್ಕೆ ಹತ್ತಿರ ಬಂದಷ್ಟೂ ಅಲೆ ಪ್ರತಿ ಕಲ್ಲಿಗೂ ಬಡಿದು ಚದುರಿ ಅರ್ಧ ದಾರಿಯಲ್ಲೇ ಸಾಯುತ್ತದೆ. ಚಿಕ್ಕ ಕ್ಯೂಬಿಗೆ 150 ನಡೆದೀತು. ಒಂದು ಮೀಟರಿಗಿಂತ ಉದ್ದದ ಬೀಮಿಗೆ ಬೇಡ.

ಸೆನ್ಸರ್ ಕೊಡುವುದು ಮೈಕ್ರೊವೋಲ್ಟ್ ಲೆಕ್ಕದ ಸಿಗ್ನಲ್. ಆದ್ದರಿಂದ 40 ಡಿಬಿ, ಅಂದರೆ 100 ಪಟ್ಟು ಹೆಚ್ಚಿಸುವ ಪ್ರಿಆಂಪ್ಲಿಫಯರ್ ಸೆನ್ಸರ್‌ನಿಂದ ಒಂದೆರಡು ಮೀಟರ್ ಒಳಗೇ ಇರಬೇಕು. ಪ್ರಿಆಂಪ್‌ನಿಂದ ಮಷಿನ್‌ವರೆಗಿನ ಕೋಆಕ್ಸಿಯಲ್ ಕೇಬಲ್ ಉದ್ದವಿದ್ದರೂ ಚಿಂತೆಯಿಲ್ಲ. ಒಳಗೇ ಪ್ರಿಆಂಪ್ ಇರುವ ಸೆನ್ಸರ್ ಸಿಕ್ಕರೆ ಫೀಲ್ಡ್ ಕೆಲಸಕ್ಕೆ ಅದೇ ಮೇಲು, ನಡುವಿನ ಒಂದು ಜಾಯಿಂಟ್ ಕಮ್ಮಿಯಾಗುತ್ತದೆ. ಬಿಎನ್‌ಸಿ ಕನೆಕ್ಟರಿನೊಳಗೆ ಕೂತ ಧೂಳು ಕೊಡುವ ಸುಳ್ಳು ಹಿಟ್‌ಗಳಷ್ಟು ಪೀಡೆ ಬೇರೊಂದಿಲ್ಲ (ಮಷಿನ್ ದಾಖಲಿಸುವ ಒಂದೊಂದು ಸದ್ದಿಗೆ ಹಿಟ್ ಎಂದು ಹೆಸರು). ಕ್ರಷರ್ ಪಕ್ಕದ ಸೈಟಿನಲ್ಲಂತೂ ಕನೆಕ್ಟರ್ ಬಾಯಿಗೆ ಮುಚ್ಚಳ ಇಲ್ಲದೆ ಬಿಡಲೇಬಾರದು.

ಡೇಟಾ ಮಷಿನ್ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ ಕನಿಷ್ಠ 10 ಲಕ್ಷ ಸ್ಯಾಂಪಲ್ ತೆಗೆಯುವಂತಿರಲಿ. ಎಲ್ಲಕ್ಕಿಂತ ಮುಖ್ಯ, ಭಾರ ಅಳೆಯುವ ಲೋಡ್ ಸೆಲ್ಲಿನ ವೈರನ್ನು ಇದೇ ಮಷಿನ್‌ನ ಪ್ಯಾರಾಮೆಟ್ರಿಕ್ (ಹೊರಗಿನ ಅಳತೆ ಸೇರಿಸುವ) ಇನ್‌ಪುಟ್‌ಗೆ ಕೊಡಿ. ಲೋಡ್ ಒಂದು ಕಂಪ್ಯೂಟರಿನಲ್ಲಿ, ಎಇ ಇನ್ನೊಂದರಲ್ಲಿ, ಆಮೇಲೆ ಗಡಿಯಾರ ನೋಡಿ ಹೊಂದಿಸೋಣ ಎಂದವರು ಕೊನೆಗೆ ಎರಡನ್ನೂ ಕಳೆದುಕೊಳ್ಳುತ್ತಾರೆ. ದುಡ್ಡು ಇರುವುದು ನಾಲ್ಕು ಚಾನೆಲ್‌ಗೆ ಮಾತ್ರವಾದರೆ ನಾಲ್ಕೇ ಸಾಕು, ಲೋಡ್ ಜೋಡಣೆ ಮಾತ್ರ ಬಿಡಬೇಡಿ.

ಉಳಿದದ್ದು ಊರಲ್ಲೇ ಸಿಗುತ್ತದೆ: ಸಿಲಿಕೋನ್ ಗ್ರೀಸ್, ಹಾಟ್ ಗ್ಲೂ ಗನ್, 80 ಮತ್ತು 120 ನಂಬರಿನ ಉಜ್ಜು ಕಾಗದ, ಟೆಫ್ಲಾನ್ ಹಾಳೆ, ಅಗಲದ ರಬ್ಬರ್ ಪಟ್ಟಿ, ಹಳೆಯ ಹತ್ತಿ ಅರಿವೆ, 0.5 ಮಿ.ಮೀ. ಮೆಕ್ಯಾನಿಕಲ್ ಪೆನ್ಸಿಲ್. ಪೆನ್ಸಿಲ್ ಲೆಡ್ 2ಎಚ್ ಆಗಿರಬೇಕು. ಸ್ಟೇಷನರಿ ಅಂಗಡಿಯವರು ಕೇಳದೆ ಕೈಗಿಡುವುದು ಎಚ್‌ಬಿ, ಬಿಡಿಸಿ ಹೇಳಿ.

ಮೊದಲ ಪಾಠಕ್ಕೆ ಎಂಥ ಬೀಮ್

ಸಾದಾ ಕಾಂಕ್ರೀಟಿನ ಪ್ರಿಸಂ ಒಂದೇ ಏಟಿಗೆ ಎರಡಾಗುತ್ತದೆ, ಕಲಿಯಲು ಸಮಯವೇ ಸಿಗುವುದಿಲ್ಲ. ಸರಳು ಹಾಕಿದ ಬೀಮ್ ಎರಕ ಹಾಕಿ: 150 ಮಿ.ಮೀ. ಅಗಲ, 200 ಎತ್ತರ, 1700 ಉದ್ದ, ಸ್ಪ್ಯಾನ್ 1500. ಎಂ25 ಕಾಂಕ್ರೀಟು, ಕೆಳಗೆ 12 ಮಿ.ಮೀ.ದ ಎರಡು ಎಫ್‌ಇ500 ಸರಳು, ಮೇಲೆ 8ರ ಎರಡು, 8 ಮಿ.ಮೀ. ರಿಂಗು 100 ಮಿ.ಮೀ.ಗೊಂದು, ಕವರ್ 25. ಲೋಡ್ ಎರಡು ಬಿಂದುಗಳಲ್ಲಿ, ಆಧಾರದಿಂದ 500 ಮಿ.ಮೀ.ಗೆ. ಈ ಬೀಮಿಗೆ ಭಾರತದ ಕಾಂಕ್ರೀಟು ಸಂಹಿತೆ ಐಎಸ್ 456ರ 0.7√ಎಫ್‌ಸಿಕೆ ಸೂತ್ರದಂತೆ (ಎಫ್‌ಸಿಕೆ ಎಂದರೆ ಕಾಂಕ್ರೀಟಿನ ಸ್ಟ್ರೆಂಗ್ತ್, ಎಂ25ಕ್ಕೆ 25) ಮೊದಲ ಬಿರುಕು 13-14 ಕಿಲೋನ್ಯೂಟನ್ ಹತ್ತಿರ ಬರಬೇಕು. ಡಿಸೈನ್ ಲೆಕ್ಕದ ಕೊನೆಯ ಲೋಡ್ ಸುಮಾರು 51, ನಿಜವಾಗಿ 60 ದಾಟುವುದೇ ಹೆಚ್ಚು. ಈ ಎರಡು ಅಂಕಿಗಳನ್ನು ಪರೀಕ್ಷೆಗೆ ಮೊದಲೇ ಬರೆದಿಡಿ. ಎಇ ಗ್ರಾಫು ಎಲ್ಲಿ ಏಳಬೇಕೆಂದು ಗೊತ್ತಿಲ್ಲದವರಿಗೆ ಎದ್ದದ್ದು ಬಿರುಕಿನಿಂದಲೋ ರೋಲರಿನಿಂದಲೋ ತಿಳಿಯುವುದಿಲ್ಲ.

ಕ್ಯೂರಿಂಗ್ ಟ್ಯಾಂಕಿನಿಂದ ತೆಗೆದ ದಿನವೇ ಪರೀಕ್ಷೆ ಬೇಡ. ಹಸಿ ಮೈಯ ಮೇಲೆ ಗ್ರೀಸ್ ನಿಲ್ಲುವುದಿಲ್ಲ. ಬಿಸಿಲಿಗಿಟ್ಟು ಅವಸರದಲ್ಲಿ ಒಣಗಿಸಿದರೆ ಮೇಲ್ಮೈ ಕುಗ್ಗಿ ತಾನೇ ಚಿಟಿಚಿಟಿ ಅನ್ನುತ್ತದೆ, ಅದೂ ದಾಖಲಾಗುತ್ತದೆ. ನೆರಳಲ್ಲಿ ಒಂದು ದಿನ ಬಿಡಿ.

ಸೆನ್ಸರ್ ಕೂರಿಸುವುದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದು. ಹೆಚ್ಚಿನವರು ಹತ್ತು ನಿಮಿಷದಲ್ಲಿ ಮುಗಿಸುವುದೂ ಇದನ್ನೇ.

ನಾಲ್ಕು ಸೆನ್ಸರ್‌ಗಳನ್ನು ಬೀಮಿನ ಒಂದೇ ಪಕ್ಕದ ಮೈಮೇಲೆ ಹಾಕಿ: ನಡುಗೆರೆಯಿಂದ ಎಡಕ್ಕೆ 350, ಬಲಕ್ಕೆ 350 ಮಿ.ಮೀ., ಪ್ರತಿ ಕಡೆ ಒಂದು ಕೆಳಗೆ, ಒಂದು ಮೇಲೆ, ಅಂಚಿನಿಂದ 50 ಮಿ.ಮೀ. ಒಳಗೆ. ನಾಲ್ಕೂ ಒಂದೇ ಎತ್ತರದಲ್ಲಿದ್ದರೆ ಬಿರುಕು ಯಾವ ಎತ್ತರದಲ್ಲಿದೆ ಎಂಬುದು ಸಿಗುವುದಿಲ್ಲ. ಇನ್ನೆರಡು ಚಾನೆಲ್ ಇದ್ದರೆ ಅವನ್ನು ಎರಡೂ ಆಧಾರಗಳ ಮೇಲೆ ಕಾವಲಿಗೆ ಹಾಕಿ. ಯಾವ ಅಲೆ ಮೊದಲು ಕಾವಲಿನ ಸೆನ್ಸರ್‌ಗೆ ಬಂತೋ ಅದು ಹುಟ್ಟಿದ್ದು ರೋಲರಿನಲ್ಲಿ, ಅದನ್ನು ಲೆಕ್ಕದಿಂದ ತೆಗೆಯಿರಿ. ಹೊಲದ ಬದುವಿನ ಮೇಲೆ ಕಾವಲುಗಾರನನ್ನು ಕೂರಿಸಿದ ಹಾಗೆ ಇದು. ಆರು ಚಾನೆಲ್‌ಗಳಲ್ಲಿ ಆರನ್ನೂ ನಡುವೆ ಹಾಕುವುದಕ್ಕಿಂತ ನಾಲ್ಕು ನಡುವೆ, ಎರಡು ಕಾವಲಿಗೆ ಎಂಬ ಹಂಚಿಕೆಯೇ ಸರಿ.

ಜಾಗ ಗುರುತಿಸುವಾಗ ಮೋಲ್ಡಿನ ಕಡೆಯ ನುಣುಪು ಮೈಯನ್ನೇ ಆರಿಸಿ, ಗೌಂಡಿ ಕರಣೆ ಎಳೆದ ಮೇಲ್ಮೈ ಬೇಡ. ಎರಡು ಇಂಚು ಅಗಲ ಜಾಗವನ್ನು ಮೊದಲು 80, ಆಮೇಲೆ 120 ಕಾಗದದಿಂದ ಉಜ್ಜಿ. ಸಿಮೆಂಟಿನ ಹಾಲುಪದರ ಹೋಗಿ ಗಟ್ಟಿ ಮೈ ಬರಬೇಕು. ಗಾಳಿಗುಳ್ಳೆಯ ತೂತು ಇದ್ದರೆ ಜಾಗ 10 ಮಿ.ಮೀ. ಸರಿಸಿ, ಸರಿಸಿದ್ದನ್ನು ಬರೆದುಕೊಳ್ಳಿ. ತೂತಿಗೆ ಗ್ರೀಸ್ ತುಂಬಿ ಮುಚ್ಚುವುದು ಬೇಡ. ಒರೆಸಿ, ಧೂಳು ಊದಿ, ಗ್ರೀಸ್ ಹಚ್ಚಿ. ಎಷ್ಟು? ಒಂದು ಜೋಳದ ಕಾಳಿನಷ್ಟು, ಸೆನ್ಸರಿನ ಮುಖದ ನಡುವೆ. ಸೆನ್ಸರ್ ಒತ್ತಿ ಅರ್ಧ ಸುತ್ತು ತಿರುಗಿಸಿದಾಗ ಸುತ್ತಲೂ ಗ್ರೀಸಿನ ತೆಳು ಉಂಗುರ ಹೊರಬರಬೇಕು. ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ದರೆ ಅಲ್ಲಿ ಗಾಳಿ ಇದೆ. ಗಾಳಿಯ ಪದರ ಕಾಗದದಷ್ಟು ತೆಳುವಿದ್ದರೂ ಅಲೆ ದಾಟದು. ತೆಗೆದು ಮತ್ತೆ ಹಾಕಿ. ದಪ್ಪ ಗ್ರೀಸ್ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪದರ ದಪ್ಪವಾದಷ್ಟೂ ಸಿಗ್ನಲ್ ಕುಗ್ಗುತ್ತದೆ.

ಸೆನ್ಸರ್ ನಿಲ್ಲಿಸಲು ರಬ್ಬರ್ ಪಟ್ಟಿಯನ್ನು ಬೀಮಿನ ಸುತ್ತ ಎಳೆದು ಕಟ್ಟಿ. ಬೀಮ್ ಬಾಗಿದಾಗ ಪಟ್ಟಿಯೂ ಹಿಗ್ಗುತ್ತದೆ, ಒತ್ತಡ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಕಬ್ಬಿಣದ ಕ್ಲಾಂಪ್ ಹಾಕಿದರೆ ಕ್ಲಾಂಪೇ ಕಿರಗುಟ್ಟುತ್ತದೆ. ಕೇಬಲ್ ಬೀಮಿನ ಮೇಲೆ ಜೋತಾಡಬಾರದು. ಸೆನ್ಸರ್ ಹತ್ತಿರ ಒಂದು ಸಡಿಲ ಸುತ್ತು ಬಿಟ್ಟು ಉಳಿದದ್ದನ್ನು ಫ್ರೇಮಿಗೆ ಟೇಪ್ ಮಾಡಿ.

ಏಪ್ರಿಲ್-ಮೇ ತಿಂಗಳ ವಿಜಯಪುರದಲ್ಲಿ ಗ್ರೀಸ್ ಮೆತ್ತಗಾಗಿ ಸೆನ್ಸರ್ ನಿಧಾನವಾಗಿ ಕೆಳಗೆ ಜಾರುತ್ತದೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಎರಡು ಮಿ.ಮೀ. ಇಳಿದಿರುತ್ತದೆ, ಸ್ಕ್ರೀನ್ ಮೇಲೆ ಅದು ಸಾವಿರಾರು ಸಣ್ಣ ಹಿಟ್‌ಗಳಾಗಿ ಕಾಣುತ್ತದೆ. ಬೇಸಿಗೆಯಲ್ಲೂ ಹಲವು ದಿನದ ಕೆಲಸದಲ್ಲೂ ಹಾಟ್ ಗ್ಲೂ ಬಳಸಿ. ಮೈ ತಣ್ಣಗಿದ್ದಾಗ ಗ್ಲೂ ಹಾಕಿದ ಕೂಡಲೆ ಗಟ್ಟಿಯಾಗಿ ಪದರ ದಪ್ಪವಾಗುತ್ತದೆ, ಹೇರ್ ಡ್ರಯರ್‌ನಿಂದ ಜಾಗವನ್ನು ತುಸು ಬೆಚ್ಚಗೆ ಮಾಡಿಕೊಂಡು ಒತ್ತಿ.

ಲೆಡ್ ಮುರಿದು ನೋಡುವುದು

ಸೆನ್ಸರ್ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಜಗತ್ತಿನಾದ್ಯಂತ ಬಳಸುವುದು ಹ್ಸು-ನೀಲ್ಸನ್ ವಿಧಾನ, ಅಂದರೆ ಪೆನ್ಸಿಲ್ ಲೆಡ್ ಮುರಿಯುವುದು. ಲೆಡ್ಡನ್ನು 3 ಮಿ.ಮೀ. ಹೊರಗೆ ತೆಗೆದು, ಮೈಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಇಟ್ಟು, ನಿಧಾನವಾಗಿ ಒತ್ತಿ ಚಟ್ಟನೆ ಮುರಿಯಿರಿ. ಪೆನ್ಸಿಲ್ ತುದಿ ಕಾಂಕ್ರೀಟಿಗೆ ಬಡಿದರೆ ಅದು ಎರಡನೇ ಹಿಟ್ ಆಗುತ್ತದೆ. ತುದಿಗೆ ಟೆಫ್ಲಾನಿನ ಚಿಕ್ಕ ಶೂ ಹಾಕಿದರೆ ಓರೆಯೂ ಸರಿ ಬರುತ್ತದೆ, ಬಡಿಯುವುದೂ ಇಲ್ಲ.

ಪ್ರತಿ ಸೆನ್ಸರಿನಿಂದ 50 ಮಿ.ಮೀ. ದೂರದಲ್ಲಿ ಮೂರು ಸಲ ಮುರಿಯಿರಿ. ಮೂರೂ ಓದು 3 ಡಿಬಿ ಒಳಗಿರಬೇಕು, ಎಲ್ಲ ಸೆನ್ಸರ್‌ಗಳ ಸರಾಸರಿಯಿಂದಲೂ ಅಷ್ಟರಲ್ಲೇ ಇರಬೇಕು. ಎಲ್ಲದರಲ್ಲೂ 99-100 ಡಿಬಿ ಬಂತೆಂದು ಹಿಗ್ಗಬೇಡಿ. ಎಇಯಲ್ಲಿ ಡಿಬಿ ಎಣಿಸುವುದು ಸೆನ್ಸರ್ ಬಳಿಯ 1 ಮೈಕ್ರೊವೋಲ್ಟನ್ನು ಶೂನ್ಯವಾಗಿ ಹಿಡಿದು. ಹೆಚ್ಚಿನ ಮಷಿನ್‌ಗಳ ಮಿತಿ 10 ವೋಲ್ಟ್. 40 ಡಿಬಿ ಪ್ರಿಆಂಪ್ ಇದ್ದಾಗ ಅದು ಸೆನ್ಸರ್ ಬಳಿಯ 100 ಮಿಲಿವೋಲ್ಟ್‌ಗೆ, ಅಂದರೆ 100 ಡಿಬಿಗೆ ಸಮ. ಸಿಗ್ನಲ್ ಮೇಲ್ಚಾವಣಿಗೆ ತಾಗಿ ಚಪ್ಪಟೆಯಾಗಿದೆ, ಕೆಟ್ಟದಾಗಿ ಕೂತ ಸೆನ್ಸರ್ ಕೂಡ ಅಲ್ಲಿ ಒಳ್ಳೆಯದರಂತೆ ಕಾಣುತ್ತದೆ. ಹಾಗಾದರೆ 100 ಮಿ.ಮೀ. ದೂರ ಹೋಗಿ ಮುರಿಯಿರಿ.

ಆಮೇಲೆ ಒಂದು ಸೆನ್ಸರಿನಿಂದ 100, 200, 400, 600, 800 ಮಿ.ಮೀ.ಗೆ ಮುರಿಯುತ್ತ ಡಿಬಿ ಎಷ್ಟು ಇಳಿಯುತ್ತದೆ ಎಂದು ಗ್ರಾಫ್ ಹಾಕಿ. ಬಿರುಕಿನ ಸದ್ದು ಲೆಡ್ಡಿಗಿಂತ ಬಹಳ ಕಮ್ಮಿ. ಸೆನ್ಸರ್‌ಗಳ ನಡುವಿನ ದೂರ ನಿರ್ಧರಿಸುವುದು ಈ ಗ್ರಾಫಿನಿಂದಲೇ. ಬೀಮ್ ಬಿರುಕು ಬಿಟ್ಟ ಮೇಲೆ ಇದೇ ಗ್ರಾಫ್ ಇನ್ನೂ ಕಡಿದಾಗುತ್ತದೆ, ಅಲೆ ಬಿರುಕು ದಾಟಬೇಕಲ್ಲ. ಹಾಗಾಗಿ ಪರೀಕ್ಷೆಯ ನಂತರವೂ ಒಮ್ಮೆ ಮಾಡಬೇಕು.

ವೇಗವೂ ಇಲ್ಲೇ ಸಿಗುತ್ತದೆ. 700 ಮಿ.ಮೀ. ಅಂತರದ ಎರಡು ಸೆನ್ಸರ್‌ಗಳ ನೇರಕ್ಕೆ, ಜೋಡಿಯ ಹೊರಗೆ ಲೆಡ್ ಮುರಿಯಿರಿ. ಸಮಯದ ಅಂತರ 175 ಮೈಕ್ರೊಸೆಕೆಂಡ್ ಬಂದರೆ ವೇಗ 4000. ಈಗ ಬಿರುಕಿನ ಜಾಗದ ಲೆಕ್ಕ ಸುಲಭ: ಎರಡರ ನಡುವಿನ ಒಂದು ಇವೆಂಟಿಗೆ (ಹಲವು ಸೆನ್ಸರ್‌ಗಳಿಗೆ ಕೇಳಿದ ಒಂದೇ ಸದ್ದಿಗೆ) ಸಮಯದ ಅಂತರ 50 ಮೈಕ್ರೊಸೆಕೆಂಡ್ ಇದ್ದರೆ ದಾರಿಯ ಅಂತರ 200 ಮಿ.ಮೀ.; 700ರಲ್ಲಿ 200 ಕಳೆದು ಅರ್ಧ ಮಾಡಿದರೆ ಮೊದಲು ಕೇಳಿದ ಸೆನ್ಸರಿನಿಂದ 250 ಮಿ.ಮೀ.ಗೆ ಬಿರುಕು. ಸಾಫ್ಟ್‌ವೇರ್ ಈ ಲೆಕ್ಕ ತಾನೇ ಮಾಡುತ್ತದೆ. ಆದರೂ ಗೊತ್ತಿದ್ದ ಐದು ಜಾಗಗಳಲ್ಲಿ ಲೆಡ್ ಮುರಿದು ಚುಕ್ಕೆ ಅಲ್ಲೇ ಬೀಳುತ್ತದೆಯೇ ಎಂದು ನೋಡದೆ ಅದರ ಕೆಂಪು ಚುಕ್ಕೆಗಳನ್ನು ನಂಬಬೇಡಿ. 20-30 ಮಿ.ಮೀ. ತಪ್ಪು ಇದ್ದೇ ಇರುತ್ತದೆ. ಸಣ್ಣ ಸಿಗ್ನಲ್ ಥ್ರೆಶೋಲ್ಡ್, ಅಂದರೆ ಮಷಿನ್ ದಾಖಲಿಸಲು ಶುರುಮಾಡುವ ಕನಿಷ್ಠ ಮಟ್ಟ, ದಾಟುವುದು ತಡವಾಗುವುದೇ ಅದಕ್ಕೆ ಮುಖ್ಯ ಕಾರಣ.

ಸೆಟ್ಟಿಂಗ್, ಮತ್ತು ಮೌನದ ರೆಕಾರ್ಡಿಂಗ್

ಬ್ಯಾಂಡ್‌ಪಾಸ್ ಫಿಲ್ಟರ್ 20ರಿಂದ 400 ಕಿಲೋಹರ್ಟ್ಸ್. ಕಾಂಕ್ರೀಟಿಗೆ ಪಿಡಿಟಿ 200, ಎಚ್‌ಡಿಟಿ 800, ಎಚ್‌ಎಲ್‌ಟಿ 1000 ಮೈಕ್ರೊಸೆಕೆಂಡ್ ಇಟ್ಟು ಶುರುಮಾಡಿ. ಮೊದಲನೆಯದು ಅಲೆಯ ತುದಿ ಹುಡುಕುವ ಅವಧಿ, ಎರಡನೆಯದು ಹಿಟ್ ಮುಗಿಯಿತೆಂದು ತೀರ್ಮಾನಿಸುವ ಅವಧಿ, ಮೂರನೆಯದು ಮರುದನಿಗೆ ಕಿವಿ ಮುಚ್ಚಿಕೊಳ್ಳುವ ಅವಧಿ. ಎಚ್‌ಡಿಟಿ ಚಿಕ್ಕದಾದರೆ ಒಂದೇ ಬಿರುಕು ಮೂರು ಹಿಟ್ ಆಗಿ ತುಂಡಾಗುತ್ತದೆ. ತೀರಾ ದೊಡ್ಡದಾದರೆ ಮೂರು ಬಿರುಕು ಒಂದಾಗಿ ಅಂಟಿಕೊಳ್ಳುತ್ತವೆ.

ಥ್ರೆಶೋಲ್ಡ್ ವಿಷಯದಲ್ಲಿ ಯಾರದೋ ಪೇಪರಿನ ಅಂಕಿ ನಕಲು ಮಾಡಬೇಡಿ. 40 ಡಿಬಿ ಎಂದರೆ ಸೆನ್ಸರ್ ಬಳಿ 100 ಮೈಕ್ರೊವೋಲ್ಟ್. ನಿಮ್ಮ ಲ್ಯಾಬಿನ ಗದ್ದಲ ಅದಕ್ಕಿಂತ ಕೆಳಗಿದೆಯೇ? ಬೀಮ್ ಫ್ರೇಮಿನ ಮೇಲಿರಲಿ, 2 ಕಿಲೋನ್ಯೂಟನ್ ಹಿಡಿತ ಇರಲಿ, ಪಂಪ್ ಓಡುತ್ತಿರಲಿ, ಲೋಡ್ ಏರದಿರಲಿ. ಹೀಗೆ 15 ನಿಮಿಷ ರೆಕಾರ್ಡ್ ಮಾಡಿ. ಆ ಮೌನದಲ್ಲಿ ಬಂದ ಅತಿ ದೊಡ್ಡ ಸದ್ದಿಗೆ 6 ಡಿಬಿ ಸೇರಿಸಿ, ಅದು ಥ್ರೆಶೋಲ್ಡ್. 40ರಿಂದ 45ರಲ್ಲಿ ಕೂತರೆ ಪುಣ್ಯ. 55 ಬೇಕಾಯಿತೆಂದರೆ ಥ್ರೆಶೋಲ್ಡ್ ಏರಿಸುವ ಮೊದಲು ಗದ್ದಲದ ಮೂಲ ಹುಡುಕಿ, ಏಕೆಂದರೆ ಕೂದಲೆಳೆ ಬಿರುಕುಗಳ ಬಹುಪಾಲು ಅಷ್ಟರ ಕೆಳಗೇ ಇರುತ್ತವೆ. ಈ ಮೌನದ ಫೈಲನ್ನು ಅಳಿಸಬೇಡಿ. ವರದಿಯ ಮೊದಲ ಗ್ರಾಫ್ ಅದೇ ಆಗಿರಲಿ. ಅದಿಲ್ಲದ ಎಇ ವರದಿ, ಶೂನ್ಯಕ್ಕೆ ಹೊಂದಿಸದ ತಕ್ಕಡಿಯಲ್ಲಿ ತೂಗಿದ ಬಂಗಾರದ ಹಾಗೆ.

ಗದ್ದಲ ಯಾವುದೆಂದು ಅದರ ಚಹರೆಯೇ ಹೇಳುತ್ತದೆ. ನಿಜವಾದ ಅಲೆಗೆ 100 ಮಿ.ಮೀ. ಹೋಗಲು 25 ಮೈಕ್ರೊಸೆಕೆಂಡ್ ಬೇಕು, ಹಾಗಾಗಿ ಸೆನ್ಸರ್‌ಗಳಿಗೆ ಒಂದರ ನಂತರ ಒಂದಾಗಿ ತಲುಪುತ್ತದೆ. ಎಲ್ಲ ಚಾನೆಲ್‌ಗಳಲ್ಲೂ ಒಂದೇ ಕ್ಷಣಕ್ಕೆ, ಏರಿಕೆಯ ಸಮಯವೇ ಇಲ್ಲದೆ ಮೊಳೆಯಂಥ ಚೂಪು ಹಿಟ್ ಬಂತೆಂದರೆ ಅದು ಕರೆಂಟಿನದು: ಪಕ್ಕದ ಬೋರ್‌ವೆಲ್ ಸ್ಟಾರ್ಟರ್, ವರ್ಕ್‌ಶಾಪಿನ ವೆಲ್ಡಿಂಗ್, ಮಷಿನ್ ಮೇಲಿಟ್ಟ ಮೊಬೈಲ್. ಅರ್ಥಿಂಗ್ ನೋಡಿ, ಸೆನ್ಸರ್ ಕವಚ ಸರಳಿಗೋ ಫ್ರೇಮಿಗೋ ತಾಗಿದೆಯೇ ನೋಡಿ. ಸಾಧ್ಯವಾದರೆ ಮಷಿನ್ನನ್ನು ಬ್ಯಾಟರಿಯ ಮೇಲೆ ಓಡಿಸಿ. ಏರಿಕೆ ನಿಧಾನ, ಅವಧಿ ಉದ್ದ, ಎತ್ತರ ಕಮ್ಮಿ ಇದ್ದರೆ ತಿಕ್ಕಾಟ. ಅದು ರೋಲರ್, ಕೇಬಲ್, ಜಾರುವ ಸೆನ್ಸರ್ ಈ ಮೂರರಲ್ಲಿ ಒಂದು. ರೋಲರ್ ಮತ್ತು ಕಾಂಕ್ರೀಟಿನ ನಡುವೆ ಎರಡು ಟೆಫ್ಲಾನ್ ಹಾಳೆ, ಹಾಳೆಗಳ ನಡುವೆ ಗ್ರೀಸ್ ಹಾಕಿದರೆ ಅರ್ಧ ಪೀಡೆ ತೊಲಗುತ್ತದೆ.

ಹೊಸಬರು ಹೆದರುವುದು ಮಾತ್ರ ತಪ್ಪು ಸದ್ದಿಗೆ. ಬೆಳಗಾವಿಯ ಮಳೆ ಪತ್ರಾಸಿನ ಮೇಲೆ ಎಷ್ಟೇ ಬಾರಿಸಲಿ, ನೀವು ಬೀಮಿನ ಪಕ್ಕ ನಿಂತು ಕೂಗಾಡಿದರೂ ಪರವಾಗಿಲ್ಲ. ಗಾಳಿಯಿಂದ ಕಾಂಕ್ರೀಟಿನೊಳಗೆ ಅಲೆ ಇಳಿಯುವುದು ತೀರ ಕಮ್ಮಿ, ಇಳಿದದ್ದನ್ನೂ ಫಿಲ್ಟರ್ ತಡೆಯುತ್ತದೆ. ಆದರೆ ಪತ್ರಾಸಿನ ತೂತಿನಿಂದ ಒಂದೇ ಹನಿ ಬೀಮಿನ ಮೇಲೆ ತೊಟ್ಟಿಕ್ಕಲಿ, ಯಾರಾದರೂ ಉಗುರಿನಿಂದ ಬೀಮ್ ಗೀರಲಿ, ಹಿಟ್‌ಗಳ ಸುರಿಮಳೆ.

ಲೋಡ್ ಏರಿಸುವುದು

ಒಂದೇ ಉಸಿರಿಗೆ ಕೊನೆಯವರೆಗೆ ಏರಿಸಿದರೆ ಎಇಯ ಅರ್ಧ ಲಾಭ ಹೋಯಿತು. ಸುತ್ತು ಮಾಡಿ: 2ರಿಂದ 10 ಕಿಲೋನ್ಯೂಟನ್, ಮತ್ತೆ 2ಕ್ಕೆ, 2ರಿಂದ 20, ಮತ್ತೆ 2ಕ್ಕೆ, ಹೀಗೆ 30, 40, 50. ಮೇಲೆ ಮುಟ್ಟಿದಾಗ ಐದು ನಿಮಿಷ ನಿಲ್ಲಿಸಿ. ಪೂರ್ತಿ ಶೂನ್ಯಕ್ಕೆ ಇಳಿಸಬೇಡಿ, ರೋಲರ್ ಸಡಿಲವಾಗಿ ಮುಂದಿನ ಸುತ್ತಿನ ಆರಂಭದಲ್ಲೇ ಕಟಕಟ ಅನ್ನುತ್ತದೆ. ಕೈಪಂಪಿನ ಜಾಕ್ ಆದರೆ ಪ್ರತಿ ಒತ್ತಿಗೂ ಒಂದು ಗುಂಪು ಹಿಟ್ ಬರುತ್ತದೆ. ಒತ್ತಿದ ಸಮಯ ಗುರುತಿಸಿಟ್ಟು ಅವನ್ನು ಬೇರ್ಪಡಿಸಿ. ಕೈಪಂಪೆಂದು ಮೂಗು ಮುರಿಯಬೇಕಿಲ್ಲ, ನಿಲ್ಲಿಸಿದಾಗ ಅದರಷ್ಟು ಮೌನದ ಮಷಿನ್ ಇನ್ನೊಂದಿಲ್ಲ.

ಸುತ್ತು ಏಕೆಂದರೆ ಕೈಸರ್ ಪರಿಣಾಮ. 1950ರಲ್ಲಿ ಮ್ಯೂನಿಕ್‌ನಲ್ಲಿ ಜೋಸೆಫ್ ಕೈಸರ್ ಲೋಹಗಳ ಮೇಲೆ ಕಂಡದ್ದು ಇದು: ಒಮ್ಮೆ ಹೊತ್ತ ಭಾರವನ್ನು ಮತ್ತೆ ಹೊರಿಸಿದರೆ, ಹಿಂದಿನ ಗರಿಷ್ಠ ದಾಟುವವರೆಗೆ ವಸ್ತು ಸದ್ದು ಮಾಡುವುದಿಲ್ಲ. ಗಟ್ಟಿಮುಟ್ಟಾದ ಬೀಮನ್ನು 20ಕ್ಕೆ ಒಯ್ದು ಇಳಿಸಿದರೆ, ಎರಡನೇ ಸಲ 20ರ ತನಕ ಸುಮ್ಮನಿದ್ದು ಆಮೇಲೆ ಮಾತಾಡುತ್ತದೆ. ಹಾನಿ ಹೆಚ್ಚಿದಂತೆ ಈ ನೆನಪು ಕೆಡುತ್ತದೆ. ಹಿಂದಿನ ಗರಿಷ್ಠ 40 ಇದ್ದು ಈ ಸಲ 32ಕ್ಕೇ ಸದ್ದು ಶುರುವಾದರೆ ಲೋಡ್ ರೇಶಿಯೊ 32 ಭಾಗಿಸು 40, ಅಂದರೆ 0.8. ಇದರ ಜೊತೆಗೆ ಲೋಡ್ ಇಳಿಸುವಾಗ ಬಂದ ಹಿಟ್‌ಗಳನ್ನು ಆ ಸುತ್ತಿನ ಒಟ್ಟು ಹಿಟ್‌ಗಳಿಂದ ಭಾಗಿಸಿ, ಅದು ಕಾಮ್ (calm) ರೇಶಿಯೊ. ಇಳಿಸುವಾಗ ಬಿರುಕಿನ ಎರಡು ಮೈ ಉಜ್ಜಿಕೊಂಡು ಗೊಣಗುವುದು ಹಾನಿಯ ಗುರುತು. ಜಪಾನಿನ ಎನ್‌ಡಿಐಎಸ್ 2421 ಮಾನದಂಡ ಈ ಎರಡನ್ನು ಅಡ್ಡ-ಉದ್ದ ಗ್ರಾಫಿನಲ್ಲಿ ಹಾಕಿ ಹಾನಿಯನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ವಿಂಗಡಿಸುತ್ತದೆ. ಗಡಿಗೆರೆಗಳ ಅಂಕಿಯನ್ನು ನಿಮ್ಮ ಬೀಮುಗಳಿಂದಲೇ ತೆಗೆಯಿರಿ. ಬಿರುಕಿನ ಅಗಲವನ್ನು ಕ್ರ್ಯಾಕ್ ಮೈಕ್ರೊಸ್ಕೋಪಿನಿಂದ ಪ್ರತಿ ಸುತ್ತಿನಲ್ಲೂ ಅಳೆದಿದ್ದರೆ ಗೆರೆ ಎಲ್ಲಿ ಎಳೆಯಬೇಕೆಂದು ಅದೇ ಹೇಳುತ್ತದೆ.

ನಿಲ್ಲಿಸಿದ ಐದು ನಿಮಿಷವನ್ನು ಕಡೆಗಣಿಸಬೇಡಿ. ಮೊದಲ ಒಂದು ನಿಮಿಷದಲ್ಲಿ ಹಿಟ್‌ಗಳು ಉಡುಗಿದರೆ ಬೀಮ್ ಭಾರಕ್ಕೆ ಒಗ್ಗಿದೆ. ಐದನೇ ನಿಮಿಷದಲ್ಲೂ ಅದೇ ವೇಗದಲ್ಲಿ ಬೀಳುತ್ತಿದ್ದರೆ, ಲೋಡ್ ಏರದೆಯೇ ಬಿರುಕು ನಡೆಯುತ್ತಿದೆ. ಆಗ ಬೀಮಿನ ಕೆಳಗೆ ಕೈ ಹಾಕುವ ಕೆಲಸ ನಿಲ್ಲಿಸಿ. ಕೊನೆಯ ಸುತ್ತಿಗೆ ಮೊದಲು ನಡುವಿನ ಸೆನ್ಸರ್‌ಗಳನ್ನು ತೆಗೆಯಿರಿ ಅಥವಾ ಕೆಳಗೆ ಗೋಣಿಚೀಲ ಹಾಸಿ. ಮುರಿದ ಬೀಮಿನೊಂದಿಗೆ ಕೆಳಗೆ ಬಿದ್ದ ಸೆನ್ಸರ್ ಹೊರಗೆ ಸರಿಯಿದ್ದರೂ ಒಳಗಿನ ಕ್ರಿಸ್ಟಲ್ ಸೀಳಿರಬಹುದು.

ಅಂಕಿಗಳನ್ನು ಓದುವುದು

ಲೋಡ್ ಮತ್ತು ಒಟ್ಟು ಹಿಟ್‌ಗಳನ್ನು ಒಂದೇ ಸಮಯದ ಅಕ್ಷದ ಮೇಲೆ ಹಾಕಿ. ಎಷ್ಟೋ ಸಲ ಇದಿಷ್ಟೇ ಸಾಕು. ಲೆಕ್ಕ ಹಾಕಿದ 13-14ರ ಹತ್ತಿರ ಗ್ರಾಫ್ ಮೊದಲ ಸಲ ಮೊಣಕೈಯಂತೆ ಮಡಚುವುದು ಕಾಣಬೇಕು. ಅದಕ್ಕಿಂತ ತುಸು ಮೊದಲೇ ಮಡಚಿದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಬೀಳುವ ಬಿರುಕಿಗೆ ಮುಂಚೆ ಕಾಣದ ಬಿರುಕುಗಳು ಕೂಡುವ ಹಂತ ಅದು.

ಬಿರುಕು ಎಳೆತದ್ದೋ (ಬಾಯಿಬಿಟ್ಟದ್ದು) ಕತ್ತರಿಯದ್ದೋ (ಎರಡು ಮೈ ಒಂದರ ಮೇಲೊಂದು ಜಾರಿದ್ದು) ಎಂದು ತಿಳಿಯಲು ಆರ್‌ಎ ಮತ್ತು ಎಎಫ್ ಗ್ರಾಫ್ ಇದೆ. ಆರ್‌ಎ ಎಂದರೆ ಏರಿಕೆಯ ಸಮಯ ಭಾಗಿಸು ಗರಿಷ್ಠ ವೋಲ್ಟೇಜ್. ಎಎಫ್ ಎಂದರೆ ಕೌಂಟ್ (ಅಲೆ ಎಷ್ಟು ಸಲ ಥ್ರೆಶೋಲ್ಡ್ ದಾಟಿತು) ಭಾಗಿಸು ಅವಧಿ; 400 ಮೈಕ್ರೊಸೆಕೆಂಡಿನಲ್ಲಿ 24 ಕೌಂಟ್ ಬಂದರೆ 60 ಕಿಲೋಹರ್ಟ್ಸ್. ಎಳೆತದ ಬಿರುಕಿಗೆ ಆರ್‌ಎ ಕಮ್ಮಿ, ಎಎಫ್ ಹೆಚ್ಚು. ಕತ್ತರಿ ಬಿರುಕಿಗೆ ಅದರ ತಿರುವುಮುರುವು. ಕೇಳಲು ಸೊಗಸು, ಆದರೆ ಪ್ರಾಜೆಕ್ಟ್ ವರದಿಗಳಲ್ಲಿ ಅತಿ ಹೆಚ್ಚು ದುರ್ಬಳಕೆಯಾಗುವುದು ಈ ಗ್ರಾಫೇ. 60 ಡಿಬಿ ಹಿಟ್ ಸೆನ್ಸರ್ ಬಳಿ 1 ಮಿಲಿವೋಲ್ಟ್, ಪ್ರಿಆಂಪ್ ದಾಟಿದ ಮೇಲೆ 100 ಮಿಲಿವೋಲ್ಟ್. ಏರಿಕೆಯ ಸಮಯ 80 ಮೈಕ್ರೊಸೆಕೆಂಡ್ ಇದ್ದರೆ ಆರ್‌ಎ ಮೊದಲ ಲೆಕ್ಕದಲ್ಲಿ 80, ಎರಡನೆಯದರಲ್ಲಿ 0.8 ಮಿಲಿಸೆಕೆಂಡ್ ಪ್ರತಿ ವೋಲ್ಟ್. ಯಾವುದನ್ನು ಹಿಡಿದಿರಿ ಎಂದು ಬರೆಯದಿದ್ದರೆ ಇನ್ನೊಬ್ಬರ ಅಂಕಿಯ ಪಕ್ಕ ಇಡುವಂತಿಲ್ಲ. ಇನ್ನೊಂದು ಬಲೆ ದೂರ. ಅಲೆ ದೂರ ಹೋದಷ್ಟೂ ಚಪ್ಪಟೆಯಾಗಿ ಏರಿಕೆ ನಿಧಾನವಾಗುತ್ತದೆ, ಅಪ್ಪಟ ಎಳೆತದ ಬಿರುಕೂ ಆಚೆ ತುದಿಯ ಸೆನ್ಸರಿಗೆ ಕತ್ತರಿಯಂತೆ ಕಾಣುತ್ತದೆ. ಇವೆಂಟಿಗೆ ಹತ್ತಿರದ ಸೆನ್ಸರಿನ ಹಿಟ್ ಮಾತ್ರ ಬಳಸಿ.

ಸಣ್ಣ ಸದ್ದೆಷ್ಟು, ದೊಡ್ಡ ಸದ್ದೆಷ್ಟು ಎಂದು ತೋರಿಸುವ ಬಿ-ವ್ಯಾಲ್ಯೂ ಭೂಕಂಪ ಶಾಸ್ತ್ರದಿಂದ ಬಂದದ್ದು. ಒಂದೊಂದು ಸಲಕ್ಕೆ ಕನಿಷ್ಠ 100 ಹಿಟ್ ತೆಗೆದುಕೊಂಡು, ಡಿಬಿಯನ್ನು ಅಡ್ಡಕ್ಕೆ, ಅಷ್ಟು ಅಥವಾ ಹೆಚ್ಚು ಡಿಬಿ ಇರುವ ಹಿಟ್‌ಗಳ ಸಂಖ್ಯೆಯ ಲಾಗ್ ಉದ್ದಕ್ಕೆ ಹಾಕಿ, ಗೆರೆಯ ಇಳಿಜಾರನ್ನು 20ರಿಂದ ಗುಣಿಸಿ. ಸಣ್ಣಪುಟ್ಟ ಬಿರುಕುಗಳೇ ಹೆಚ್ಚಿದ್ದಾಗ ಅಂಕಿ ಮೇಲಿರುತ್ತದೆ. ಅವೆಲ್ಲ ಕೂಡಿ ದೊಡ್ಡ ಬಿರುಕಾಗುವಾಗ 1ರ ಕಡೆಗೆ, ಅದಕ್ಕೂ ಕೆಳಗೆ ಬೀಳುತ್ತದೆ. ಅಂಕಿಗಿಂತ ಅದು ಬೀಳುವ ಕ್ಷಣಕ್ಕೆ ಬೆಲೆ.

ಕಟ್ಟಡದ ಸ್ಲ್ಯಾಬ್, ಕಾಲುವೆಯ ಸೇತುವೆ

ಸ್ಲ್ಯಾಬಿನ ಮೇಲೆ ಅನುಮಾನ ಬಂದಾಗ ಐಎಸ್ 456 ಹೇಳುವ ಲೋಡ್ ಟೆಸ್ಟಿಗೆ ಎಇ ಒಳ್ಳೆಯ ಜೊತೆಗಾರ. ಪೂರ್ಣ ಡೆಡ್ ಲೋಡ್ (ಕಟ್ಟಡದ ಸ್ವಂತ ಭಾರ), ಜೊತೆಗೆ ಲೈವ್ ಲೋಡಿನ (ಜನ, ಸಾಮಾನಿನ ಭಾರದ) 1.25 ಪಟ್ಟು 24 ಗಂಟೆ ಇಡಬೇಕು. ತೆಗೆದ 24 ಗಂಟೆಯೊಳಗೆ ಬಾಗು 75 ಪ್ರತಿಶತ ಮರಳಬೇಕು. ವಾಸದ ಕೋಣೆ 4 x 5 ಮೀಟರ್, ಲೈವ್ ಲೋಡ್ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್ ಆದರೆ ಒಟ್ಟು 50 ಕಿಲೋನ್ಯೂಟನ್, ಅಂದರೆ 50 ಕಿಲೋದ ಸುಮಾರು 100 ಉಸುಕಿನ ಚೀಲ. ಫ್ಲೋರಿಂಗ್ ಇನ್ನೂ ಹಾಕಿರದಿದ್ದರೆ ಅದರ ಭಾರ ಬೇರೆ. 25 ಚೀಲಕ್ಕೊಮ್ಮೆ ನಿಲ್ಲಿಸಿ, ಆಳುಗಳನ್ನೆಲ್ಲ ಕೆಳಗಿಳಿಸಿ, 15 ನಿಮಿಷ ಕೇಳಿ. ಚೀಲವನ್ನು ಎತ್ತಿ ಒಗೆಯುವವರಿದ್ದಾಗ ಬಂದ ಹಿಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಚೀಲದ್ದು. ಸೆನ್ಸರ್ ಸ್ಲ್ಯಾಬಿನ ಕೆಳಮೈಗೆ, ಪ್ಲಾಸ್ಟರ್ ಕೆತ್ತಿ ಕಾಂಕ್ರೀಟಿಗೇ ಹಚ್ಚಬೇಕು. ಪ್ಲಾಸ್ಟರ್ ಡೊಳ್ಳಾಗಿದ್ದರೆ ಅದರ ಹಿಂದಿನ ಗಾಳಿಯೇ ಎಲ್ಲವನ್ನೂ ನುಂಗುತ್ತದೆ. ಕೆಳಗೆ ಆಧಾರಕ್ಕೆ ಪ್ರಾಪ್ ನಿಲ್ಲಿಸುವುದು ಕಡ್ಡಾಯ, ಆದರೆ ಸ್ಲ್ಯಾಬಿಗೆ ತಾಗದಂತೆ ಒಂದೆರಡು ಇಂಚು ಬಿಟ್ಟು.

ಬಿಸಿಲಿನ ನಾಡಿನಲ್ಲಿ ಹಗಲು ಕೇಳಬೇಡಿ. ಸೂರ್ಯ ಏರಿದಂತೆ ಸ್ಲ್ಯಾಬ್ ತಾನೇ ಹಿಗ್ಗಿ ಗೋಡೆಯ ಮೇಲೆ ಜಾರುತ್ತದೆ. ಕೋಳಿ ಕೂಗುವ ಮೊದಲಿನ ಮೂರು ತಾಸು ಎಲ್ಲಕ್ಕಿಂತ ಶಾಂತ, ಪಂಪ್‌ಸೆಟ್ಟುಗಳ ತ್ರೀಫೇಸ್ ಕರೆಂಟು ಆ ಹೊತ್ತಿಗೆ ಇಲ್ಲವೆಂದು ಖಚಿತ ಮಾಡಿಕೊಂಡರಾಯಿತು.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಾಲುವೆಗಳ ಚಿಕ್ಕ ಸೇತುವೆಗಳ ಮೇಲೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಇಂಜಿನ್ನಿನ ನಡುಕ ಹತ್ತಾರು-ನೂರಾರು ಹರ್ಟ್ಸ್ ಅಷ್ಟೇ, ಫಿಲ್ಟರ್ ಅದನ್ನು ಒಳಗೆ ಬಿಡುವುದಿಲ್ಲ. ಕಾಡುವುದು ಬೇರಿಂಗಿನ ತಿಕ್ಕಾಟ, ಎಕ್ಸ್‌ಪಾನ್ಶನ್ ಜಾಯಿಂಟಿನ ಸಡಿಲ ಕಬ್ಬಿಣ, ರೇಲಿಂಗು. ಕಾವಲು ಸೆನ್ಸರ್ ಬೇರಿಂಗಿನ ಪಕ್ಕ ಇರಲೇಬೇಕು. ಸಂಚಾರ ತಡೆದು, ತೂಕಸೇತುವೆಯಲ್ಲಿ ತೂಗಿ ತಂದ ಒಂದು ಟಿಪ್ಪರನ್ನು ನಡಿಗೆಯ ವೇಗದಲ್ಲಿ ಮೂರು ಸಲ ದಾಟಿಸಿ. ಬಳಿಕ ನಡುವೆ ಐದು ನಿಮಿಷ ನಿಲ್ಲಿಸಿ ಇಂಜಿನ್ ಆರಿಸಿ. ಮೊದಲ ಸಲಕ್ಕಿಂತ ಮೂರನೇ ಸಲ ಹಿಟ್ ಕಡಿಮೆಯಾದರೆ ಕೈಸರ್ ಇನ್ನೂ ಜೀವಂತ. ಮೂರೂ ಸಲ ಒಂದೇ ಜಾಗದಿಂದ ಅಷ್ಟಷ್ಟೇ ಬಂದರೆ ಆ ಜಾಗದ ಪ್ಲಾಸ್ಟರ್ ತೆಗೆದು ಕಣ್ಣಾರೆ ನೋಡಿ. ಕಾಲುವೆಗೆ ನೀರು ಬಿಡದ ದಿನ ನೋಡಿ ಹೋಗುವುದು ಲೇಸು, ಕಂಬಕ್ಕೆ ಬಡಿಯುವ ನೀರು ಎಡೆಬಿಡದೆ ಮಾತಾಡುತ್ತದೆ.

ಕಲ್ಲು

ಇಳಕಲ್ಲಿನ ಕೆಂಪು ಗ್ರಾನೈಟ್ ಮತ್ತು ವಿಜಯಪುರದ ಕಪ್ಪು ಬಸಾಲ್ಟ್ ಎಇಗೆ ಹೇಳಿ ಮಾಡಿಸಿದ ಕಲ್ಲುಗಳು. ಕಾಂಕ್ರೀಟಿನ ಖಡಿಯ ಮುಂದೆ ಕಾಳು ಸಣ್ಣದು, ಮೈ ಗಟ್ಟಿ, ಅಲೆ ಕುಗ್ಗುವುದು ಕಮ್ಮಿ, 150 ಕಿಲೋಹರ್ಟ್ಸ್ ಸೆನ್ಸರ್ ಧಾರಾಳವಾಗಿ ನಡೆಯುತ್ತದೆ. 54 ಮಿ.ಮೀ. ಕೋರ್ ತೆಗೆದು ಉದ್ದವನ್ನು ವ್ಯಾಸದ ಎರಡೂವರೆ ಪಟ್ಟು ಇಡಿ, ತುದಿಗಳನ್ನು ಸಮತಟ್ಟಾಗಿ ಅರೆಯಿರಿ. ಮೊದಮೊದಲು ಬರುವ ಹಿಟ್‌ಗಳು ಹಳೆಯ ಸೀಳುಗಳು ಮುಚ್ಚಿಕೊಳ್ಳುವ ಸದ್ದು, ಅವನ್ನು ಹಾನಿ ಎಂದು ಎಣಿಸಬೇಡಿ. ಆಮೇಲೆ ಬರುವ ಮೌನ ಮುರಿದಾಗಿನಿಂದ ಲೆಕ್ಕ ಶುರು. ಬಾದಾಮಿಯ ಮರಳುಗಲ್ಲಿನ ಮಾತು ಬೇರೆ: ಪದರವಿದೆ, ರಂಧ್ರವಿದೆ, ಪದರದ ಉದ್ದಕ್ಕೆ ಒಂದು ವೇಗ, ಅಡ್ಡಕ್ಕೆ ಇನ್ನೊಂದು. ವೇಗವನ್ನು ಎರಡೂ ದಿಕ್ಕಿಗೆ ಬೇರೆಬೇರೆ ಅಳೆಯದೆ ಚುಕ್ಕೆಯ ಜಾಗ ಹೇಳಬಾರದು. ರಂಧ್ರದ ಕಲ್ಲು ಗ್ರೀಸನ್ನು ಹೀರಿ ಕಲೆಯನ್ನೂ ಉಳಿಸಿಕೊಳ್ಳುತ್ತದೆ.

ಹೀಗಾಗಿಯೇ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಗೋಳಗುಮ್ಮಟದಂಥ ರಕ್ಷಿತ ಸ್ಮಾರಕಗಳ ಮೇಲೆ ಗ್ರೀಸ್, ಗ್ಲೂ, ಉಜ್ಜು ಕಾಗದ ಯಾವುದನ್ನೂ ಮುಟ್ಟಿಸುವಂತಿಲ್ಲ. 1958ರ ಪುರಾತನ ಸ್ಮಾರಕಗಳ ಕಾಯಿದೆಯ ಪ್ರಕಾರ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲು. ಅಂದಹಾಗೆ, ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿ ಗೋಡೆಗುಂಟ ಒಯ್ಯುವುದು ಗಾಳಿಯಲ್ಲಿನ ದನಿಯನ್ನು. ಕಲ್ಲಿನೊಳಗಿನ ಬಿರುಕಿನ ಪಿಸುಮಾತಿಗೆ ಆ ಸೊಗಸಿನಿಂದ ಏನೂ ಸಹಾಯವಿಲ್ಲ.

ಬಿಚ್ಚುವಾಗ

ಲೋಡ್ ಇಳಿಸಿದ ಮೇಲೆ, ಸೆನ್ಸರ್ ತೆಗೆಯುವ ಮೊದಲು, ಪ್ರತಿಯೊಂದಕ್ಕೂ ಮತ್ತೆ ಮೂರು ಲೆಡ್ ಮುರಿಯಿರಿ. ಮೊದಲಿಗಿಂತ 6 ಡಿಬಿಗಿಂತ ಹೆಚ್ಚು ಇಳಿದಿದ್ದರೆ ಆ ಚಾನೆಲ್ ಪರೀಕ್ಷೆಯ ನಡುವೆ ಎಲ್ಲೋ ಸಡಿಲವಾಗಿದೆ. ಅದರ ಡಿಬಿ, ಆರ್‌ಎ, ಬಿ-ವ್ಯಾಲ್ಯೂ ಮೂರನ್ನೂ ವರದಿಯಿಂದ ಬಿಡಿ. ನಡುವೆ ಹೊಸ ಬಿರುಕು ಬಂದಿದೆಯೇ, ಸೆನ್ಸರೇ ಜಾರಿದೆಯೇ ಎಂದು ಸಂಶಯವಿದ್ದರೆ 50 ಮಿ.ಮೀ. ದೂರದಲ್ಲಿ, ಬಿರುಕಿನ ಈಚೆಗೇ ಮುರಿದು ನೋಡಿ. ಗ್ರೀಸಿನ ಸೆನ್ಸರ್ ತಿರುಗಿಸಿ ತೆಗೆಯಿರಿ, ಮೇಲಕ್ಕೆ ಕಿತ್ತರೆ ಮುಖದ ಸೆರಾಮಿಕ್ ತಟ್ಟೆ ಕೈಗೆ ಬರುತ್ತದೆ. ಹಾಟ್ ಗ್ಲೂ ಆಗಿದ್ದರೆ ಹೇರ್ ಡ್ರಯರ್ ಎರಡು ನಿಮಿಷ ಹಿಡಿದು, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿನಿಂದ ಎಬ್ಬಿಸಿ. ಕೇಬಲ್ ಹಿಡಿದು ಎಳೆಯಬೇಡಿ.